ಹರಿಕೇನ್ ಮೈಗೆ ಎಷ್ಟು ಕೊಳೆ ಬೇಕು?

ಓದುಗರ ಪ್ರಶ್ನೆ

ನಾನು ಉಡುಪಿಯ ಬ್ಯಾಂಕ್ ಉದ್ಯೋಗಿ. ಬಿಡುವಿನಲ್ಲಿ ಪ್ಲಾಸ್ಟಿಕ್ ವಿಮಾನಗಳ ಕಿಟ್ ಜೋಡಿಸುತ್ತೇನೆ. ಈ ಸಲ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್ ಮಾರ್ಕ್ 2ಸಿಯ 1/48 ಅಳತೆಯ ಕಿಟ್ ತಂದು, 1944ರಲ್ಲಿ ಇಂಫಾಲದಲ್ಲಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್‌ನ ವಿಮಾನವಾಗಿ ಮಾಡಲು ಹೊರಟೆ. ಅಕ್ರಿಲಿಕ್ ಬಣ್ಣವನ್ನು ಏರ್‌ಬ್ರಷ್‌ನಿಂದ ಹಚ್ಚಿದೆ. ವಿಡಿಯೊಗಳಲ್ಲಿ ನೋಡಿದಂತೆ ತಗಡುಗಳ ಜೋಡಣೆ ತೋರಿಸುವ ಪ್ಯಾನೆಲ್ ಗೆರೆಗಳಿಗೆಲ್ಲ ಎನಾಮಲ್‌ನ ಕಪ್ಪು ವಾಶ್ (ನೀರಾಗಿಸಿದ ಬಣ್ಣ) ಬಿಟ್ಟೆ. ಸ್ಪಂಜಿನಿಂದ ಮೂಗಿನಿಂದ ಬಾಲದವರೆಗೆ, ಪ್ರೊಪೆಲರ್‌ಗೂ ಸೇರಿಸಿ, ಬಣ್ಣ ಚಕ್ಕೆ ಎದ್ದು ಲೋಹ ಕಾಣುವಂತೆ ಬೆಳ್ಳಿ ಬಣ್ಣದ ಚಿಪ್ಪಿಂಗ್ ಮಾಡಿದೆ. ಜುಲೈಯಲ್ಲಿ ಕ್ಯಾನ್‌ನಿಂದ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದಾಗ ರೆಕ್ಕೆಯ ಮೇಲೆ ಬಿಳಿ ಮಂಜು ಕವಿದಂತಾಯಿತು. ಡೆಕಾಲ್‌ಗಳ (ಗುರುತುಗಳ ತೆಳು ಅಂಟುಚಿತ್ರಗಳ) ಅಂಚಿನಲ್ಲಿ ಬೆಳ್ಳಿಯ ಹೊಳಪು ಕಾಣುತ್ತಿದೆ. ‘ಯುದ್ಧದ ವಿಮಾನ ಹೀಗೇ ಇರಬೇಕು’ ಎನ್ನುತ್ತಾನೆ ಒಬ್ಬ ಗೆಳೆಯ. ‘ದಿನವೂ ಒರೆಸಿ ಇಡುತ್ತಿದ್ದರು, ಕೊಳೆಯೇ ಇರಲಿಲ್ಲ’ ಎನ್ನುತ್ತಾನೆ ಇನ್ನೊಬ್ಬ. ನನಗಂತೂ ಅದು ಆಟಿಕೆಯಂತೆ ಕಾಣುತ್ತಿದೆ. ಥಿನ್ನರ್‌ನಲ್ಲಿ ಅದ್ದಿ ಎಲ್ಲವನ್ನೂ ತೆಗೆದು ಮತ್ತೆ ಶುರು ಮಾಡಲೇ? ಚಕ್ರಗಳಿಗೆ, ನೆಲಕ್ಕೆ ನಮ್ಮೂರಿನ ಕೆಮ್ಮಣ್ಣು ಬಳಸಬಹುದೇ? ಆಂಟೆನಾ ತಂತಿ ಕಟ್ಟಬೇಕೇ?

ಉತ್ತರ

ಮೊದಲು ಥಿನ್ನರ್ ಡಬ್ಬಿಯ ಮುಚ್ಚಳ ಹಾಕಿ. ನಿಮ್ಮ ವಿಮಾನ ಹಾಳಾಗಿಲ್ಲ. ಬಿಳಿ ಮಂಜು, ಡೆಕಾಲ್‌ನ ಹೊಳಪು ಇವು ಬಣ್ಣದ ರಸಾಯನದ ತೊಂದರೆಗಳು, ಬಹುಮಟ್ಟಿಗೆ ಸರಿಹೋಗುತ್ತವೆ. ಆಟಿಕೆಯಂತೆ ಕಾಣುವುದಕ್ಕೆ ಕಾರಣ ಬೇರೆ. ಅದಕ್ಕೂ ನಿಮ್ಮ ಕೈಚಳಕಕ್ಕೂ ಸಂಬಂಧವಿಲ್ಲ. ಹರಿಕೇನ್ ಯಾವುದರಿಂದ ಮಾಡಿದ ವಿಮಾನ ಎಂದು ಕೇಳಿಕೊಳ್ಳದೆ ಅದನ್ನು ಹಳೆಯದಾಗಿಸಲು ಹೊರಟಿದ್ದೀರಿ, ಅಷ್ಟೇ. ವಿಡಿಯೊಗಳೂ ಈ ಪ್ರಶ್ನೆ ಕೇಳುವುದಿಲ್ಲ, ಎಲ್ಲ ವಿಮಾನಗಳಿಗೂ ಒಂದೇ ಮದ್ದು ಅರೆಯುತ್ತವೆ.

ನಾನು ವೃತ್ತಿಯಿಂದ ವಿಮಾನ ದುರಸ್ತಿಯವನು. ಪುಷ್ಪಕ್‌ನಂತಹ ಬಟ್ಟೆ ಹೊದಿಕೆಯ ವಿಮಾನಗಳ ಮೇಲೆ ಡೋಪ್ ಎಂಬ ಲೇಪನ ಬಳಿದು, ಕೆರೆದು, ಮತ್ತೆ ಬಳಿದವನು. ಆ ಅನುಭವದಿಂದ ಹೇಳುವುದಾದರೆ, ಹರಿಕೇನ್‌ನ ಹಿಂಭಾಗದಲ್ಲಿ ಬೆಳ್ಳಿ ಬಣ್ಣದ ಒಂದು ಚಕ್ಕೆಯೂ ಇರಲು ಸಾಧ್ಯವಿಲ್ಲ. ಅಲ್ಲಿನ ಹೊದಿಕೆ ಲೋಹದ್ದೇ ಅಲ್ಲ.

ಹರಿಕೇನ್ ಎರಡು ಕಾಲಘಟ್ಟಗಳ ನಡುವೆ ಹುಟ್ಟಿದ ವಿಮಾನ. ಇಂಜಿನ್ ಸುತ್ತಲಿನ ಹೊದಿಕೆ ಲೋಹದ ತಗಡು. ರೆಕ್ಕೆಗಳಿಗೆ ಮೊದಮೊದಲು ಬಟ್ಟೆ ಇತ್ತು. ನಿಮ್ಮ ಕಿಟ್‌ನ ಕಾಲಕ್ಕೆ ಅವೂ ಪೂರ್ತಿ ಲೋಹವಾಗಿದ್ದವು. ಕಾಕ್‌ಪಿಟ್‌ನ ಸುತ್ತ ಒಂದಿಷ್ಟು ಪ್ಲೈವುಡ್ ಇದೆ. ಅಲ್ಲಿಂದ ಹಿಂದಕ್ಕೆ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಅವುಗಳ ಮೇಲೆ ಬಿಗಿದ ಲಿನನ್ ಬಟ್ಟೆ. ಬಾಲದ ಭಾಗಗಳು, ವಿಮಾನವನ್ನು ತಿರುಗಿಸುವ, ಏರಿಳಿಸುವ, ವಾಲಿಸುವ ಚಲಿಸುವ ಫಲಕಗಳಾದ ರಡ್ಡರ್, ಎಲಿವೇಟರ್, ಏಲೆರಾನ್ ಎಲ್ಲಕ್ಕೂ ಬಟ್ಟೆಯ ಹೊದಿಕೆಯೇ. ಬಟ್ಟೆ ಬಿಗಿಯಲೆಂದು ಡೋಪ್ ಬಳಿಯುತ್ತಾರೆ. ಬ್ರಿಟಿಷರ ಪದ್ಧತಿಯಲ್ಲಿ ಮೊದಲ ಲೇಪನಗಳು ಕಾವಿಯನ್ನು ಹೋಲುವ ಕೆಂಗಂದು ಬಣ್ಣದವು. ಹೀಗಾಗಿ ಹಿಂಭಾಗದಲ್ಲಿ ಬಣ್ಣ ಸವೆದರೆ ಒಳಗಿನಿಂದ ಇಣುಕುವುದು ಆ ಮಂಕು ಕೆಂಪು. ಇನ್ನೂ ಸವೆದರೆ ಬಟ್ಟೆಯ ನೇಯ್ಗೆ. ಅದೂ ತೀರಾ ಅಪರೂಪ. ಡೋಪ್ ಬಟ್ಟೆಯೊಳಗೆ ಇಳಿದು ಕೂತಿರುತ್ತದೆ. ಅದು ಸೀಳುತ್ತದೆ, ಬಿರುಕು ಬಿಡುತ್ತದೆ, ಬಿಸಿಲಿಗೆ ಪುಡಿಪುಡಿಯಾಗಿ ಮಂಕಾಗುತ್ತದೆ. ತಗಡಿನ ಮೇಲಿನ ಬಣ್ಣದಂತೆ ಚಕ್ಕೆ ಏಳುವುದಿಲ್ಲ.

ಪ್ರೊಪೆಲರ್ ಕಥೆಯೂ ಇದೇ. ಮಾರ್ಕ್ 2 ಹರಿಕೇನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಟಾಲ್ ಪ್ರೊಪೆಲರ್‌ನ ಅಲಗುಗಳು ಪದರ ಪದರವಾಗಿ ಒತ್ತಿ ಅಂಟಿಸಿದ ಮರದವು. ಕಲ್ಲು ತಗುಲಿ ಬಣ್ಣ ಕಿತ್ತರೆ ಕಾಣುವುದು ಕಂದು. ನೀವು ಅಲಗಿನ ಅಂಚಿಗೆ ಒತ್ತಿದ ಬೆಳ್ಳಿ ಚುಕ್ಕೆಗಳನ್ನು ಯಾವ ಮುಲಾಜೂ ಇಲ್ಲದೆ ಕಪ್ಪಿನಿಂದ ಮುಚ್ಚಿಬಿಡಿ.

ಹಾಗಾದರೆ ವಿಡಿಯೊಗಳ ಆ ಮೈತುಂಬ ಚಕ್ಕೆ ಎದ್ದ ವಿಮಾನಗಳು ಎಲ್ಲಿಂದ ಬಂದವು? ಅವು ಸುಳ್ಳಲ್ಲ. ಅದೇ ಬರ್ಮಾ ರಂಗದಲ್ಲಿ ಎದುರು ಪಾಳಯದಲ್ಲಿದ್ದ ಜಪಾನಿ ಭೂಸೇನೆಯ ನಕಾಜಿಮಾ ಕಿ-43 ವಿಮಾನಗಳನ್ನು ನೋಡಿ. ಎಷ್ಟೋ ವಿಮಾನಗಳು ಬರಿಯ ಲೋಹದ ಮೈಯಲ್ಲೇ ಕಾರ್ಖಾನೆಯಿಂದ ಹೊರಬಿದ್ದವು. ಹಸಿರು ಬಣ್ಣವನ್ನು ನೆಲೆಗಳಲ್ಲಿ ಪ್ರೈಮರ್ ಇಲ್ಲದೆ ನೇರವಾಗಿ ಅಲ್ಯೂಮಿನಿಯಂ ಮೇಲೆ ಸಿಂಪಡಿಸಿದರು. ಹಿಡಿತವಿಲ್ಲದ ಆ ಬಣ್ಣ ಬಿಸಿಲಿಗೆ, ಮಳೆಗೆ ಹಾಳೆ ಹಾಳೆಯಾಗಿ ಎದ್ದಿತು. ಕಿ-43 ಮಾಡುವಾಗ ಸ್ಪಂಜು ಧಾರಾಳವಾಗಿ ಆಡಲಿ. ಆ ಮದ್ದನ್ನು ಬ್ರಿಟಿಷ್ ಕಾರ್ಖಾನೆಯ ಬಣ್ಣಕ್ಕೆ ಕೊಟ್ಟಿದ್ದರಿಂದಲೇ ನಿಮ್ಮ ಕಣ್ಣಿಗೆ ಏನೋ ತಪ್ಪಾಗಿದೆ ಅನ್ನಿಸಿದ್ದು. ನಿಮ್ಮ ಕಣ್ಣು ಸರಿಯಾಗಿಯೇ ಇದೆ.

ಹರಿಕೇನ್‌ನಲ್ಲಿ ಲೋಹ ಕಾಣಬೇಕಾದ ಜಾಗಗಳೂ ಇವೆ. ಪೈಲಟ್ ಎಡಗಡೆಯಿಂದ ಹತ್ತುತ್ತಾನೆ. ಕೆಳಗೆ ಇಳಿಬಿದ್ದ ಮೆಟ್ಟಿಲಿನ ಮೇಲೆ ಕಾಲಿಟ್ಟು ಎಡರೆಕ್ಕೆಯ ಬುಡದ ಮೇಲೆ ಬರುತ್ತಾನೆ. ಆ ಜಾಗ ಪೈಲಟ್, ಫಿಟ್ಟರ್ ಎಲ್ಲರ ಬೂಟುಗಳಿಗೂ ಸಿಕ್ಕಿ ಸವೆಯುತ್ತದೆ. ಬಲಬುಡ ಅದಕ್ಕಿಂತ ಕಡಿಮೆ ಸವೆದಿರಲಿ. ಎರಡೂ ಕಡೆ ಸಮನಾಗಿ ಸವೆಸಿದ ಮಾದರಿ ಕಂಡರೆ, ಮಾಡಿದವರು ವಿಮಾನವನ್ನು ಯಾರೋ ಹತ್ತಿ ಇಳಿಯುತ್ತಿದ್ದರೆಂದು ಯೋಚಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಇಂಜಿನ್ ಹೊದಿಕೆಯ ತಿರುಪುಗಳ ಸುತ್ತ ಸ್ಕ್ರೂಡ್ರೈವರ್ ಜಾರಿದ ಗೀರುಗಳು, ಗುಂಡು ತುಂಬುವ ಮುಚ್ಚಳಗಳ ಅಂಚು, ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದಿಷ್ಟು. ಅಷ್ಟು ಸಾಕು.

ಈಗ ನಿಮ್ಮ ಗೆಳೆಯರ ಜಗಳ. ಇಬ್ಬರದೂ ಅರ್ಧ ಸತ್ಯ. ನೆಲದ ಸಿಬ್ಬಂದಿ ವಿಮಾನ ಒರೆಸುತ್ತಿದ್ದರು ಎಂಬುದು ನಿಜ. ಗಾಜು ಸ್ವಚ್ಛವಿಲ್ಲದಿದ್ದರೆ ಪೈಲಟ್ ದೂರದ ಚುಕ್ಕೆಯನ್ನು ಶತ್ರುವಿಮಾನ ಎಂದು ಗುರುತಿಸಲಾರ. ಎಣ್ಣೆ ಒರೆಸದಿದ್ದರೆ ಹೊಸ ಸೋರಿಕೆ ಕಣ್ಣಿಗೆ ಬೀಳದು. ಆದರೆ ಒರೆಸುವುದು ಬೇರೆ, ಹೊಸದಾಗಿಸುವುದು ಬೇರೆ. ಜಿಡ್ಡು ಬಟ್ಟೆಯಲ್ಲಿ ಒರೆಸಿದರೆ ಕೊಳೆ ಹೋಗುವುದಿಲ್ಲ, ತೆಳುವಾಗಿ ಹರಡುತ್ತದೆ. ಮಾದರಿಯ ಮೇಲೆ ತೋರಿಸಬೇಕಾದದ್ದು ಅಂತಹ ಒರೆಸಿ ಉಳಿದ ಕೊಳೆಯನ್ನು.

1ನೇ ಸ್ಕ್ವಾಡ್ರನ್‌ನ ಸಂದರ್ಭವೂ ನಿಮಗೆ ನೆರವಾಗುತ್ತದೆ. ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ಅದು 1944ರ ಫೆಬ್ರವರಿಯಲ್ಲಿ ಇಂಫಾಲಕ್ಕೆ ಬಂದಿತು. ಮಾರ್ಚ್‌ನಲ್ಲಿ ಜಪಾನಿಯರ ದಾಳಿ ಶುರುವಾಯಿತು, ಕೊಹಿಮಾ–ಇಂಫಾಲ ರಸ್ತೆ ಜೂನ್ 22ರವರೆಗೆ ಕಡಿದುಹೋಗಿತ್ತು. ಪಡೆಗಳ ಚಲನೆ ಪತ್ತೆಹಚ್ಚುವ ವಿಚಕ್ಷಣೆ ಅವರ ಮುಖ್ಯ ಕೆಲಸ, ತಗ್ಗಿನಲ್ಲಿ ಹಾರಾಟ. ನಿಮ್ಮ ವಿಮಾನ ಮಾರ್ಚ್‌ನದೋ ಜೂನ್‌ನದೋ ಎಂದು ಮೊದಲು ನಿರ್ಧರಿಸಿ. ಮಾರ್ಚ್‌ನದಾದರೆ ಒಣ ಧೂಳು: ಚಕ್ರದ ಗೂಡು, ಹೊಟ್ಟೆ, ಬಾಲಚಕ್ರದ ಹಿಂದೆ ತೆಳು ಪುಡಿ. ಜೂನ್‌ನದಾದರೆ ಮುಂಗಾರು: ಚಕ್ರ ಎರಚಿದ ಕೆಸರಿನ ಹನಿಗಳು ರೆಕ್ಕೆಯ ತಳಕ್ಕೆ, ಮೇಲ್ಮೈ ಮಾತ್ರ ಮಳೆಯಲ್ಲಿ ತೊಳೆದಂತೆ. ಒಂದೇ ಮಾದರಿಯಲ್ಲಿ ಎರಡನ್ನೂ ಹಾಕಿದರೆ ಎರಡೂ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಗುರುತುಗಳ ವಿಷಯದಲ್ಲೂ ಒಂದು ಎಚ್ಚರಿಕೆ. ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗಬಾರದೆಂದು ಈ ರಂಗದಲ್ಲಿ ರೆಕ್ಕೆ, ಮೈ ಮೇಲಿನ ವಾಯುಪಡೆಯ ವೃತ್ತಚಿಹ್ನೆಯ ನಡುವಿನ ಕೆಂಪನ್ನು ತೆಗೆದುಹಾಕಿದ್ದರು. ಕಿಟ್‌ನಲ್ಲಿರುವ ಯುರೋಪಿನ ಡೆಕಾಲ್ ಅಂಟಿಸಿದ್ದರೆ ಅದನ್ನು ಬದಲಿಸುವುದು ಬೇರೆಲ್ಲ ಕೊಳೆಗಿಂತ ಮುಖ್ಯ.

ಕಪ್ಪು ಗೆರೆಗಳ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ. ಕಿಟ್‌ನ ಪ್ಯಾನೆಲ್ ಗೆರೆ 0.2 ಮಿಲಿಮೀಟರ್ ಅಗಲವಿದೆ ಎಂದಿಟ್ಟುಕೊಳ್ಳೋಣ. 48ರಿಂದ ಗುಣಿಸಿದರೆ 9.6 ಮಿಲಿಮೀಟರ್. ನಿಜವಾದ ವಿಮಾನದಲ್ಲಿ ಎರಡು ತಗಡುಗಳ ನಡುವೆ ಬೆರಳು ತೂರುವ ಬಿರುಕು! ಅದಕ್ಕೆ ಅಚ್ಚ ಕಪ್ಪು ತುಂಬಿದರೆ ವಿಮಾನ ಚೌಕಟ್ಟು ಹಾಕಿದ ನಕಾಶೆಯಾಗುತ್ತದೆ. ಗೆರೆಯ ಬಣ್ಣ ಪಕ್ಕದ ಬಣ್ಣಕ್ಕಿಂತ ಒಂದೆರಡು ಛಾಯೆ ಮಾತ್ರ ಗಾಢವಾಗಿರಬೇಕು: ಕಂದಿನ ಮೇಲೆ ಕಡುಗಂದು, ಬೂದಿಯ ಮೇಲೆ ಕಡುಬೂದಿ. ತೆರೆಯುವ ಮುಚ್ಚಳಗಳ ಸುತ್ತ, ಏಲೆರಾನ್‌ನ ಕೀಲಿನ ಸಂದಿಯಲ್ಲಿ ಇನ್ನಷ್ಟು ಗಾಢವಾಗಬಹುದು, ಅಲ್ಲಿ ನಿಜವಾಗಿಯೂ ಸಂದಿ ಇದೆ. ಅರ್ಧ ಮಿಲಿಮೀಟರ್‌ನ ಒಂದು ಸ್ಪಂಜಿನ ಚುಕ್ಕೆ ನಿಜದಲ್ಲಿ 24 ಮಿಲಿಮೀಟರ್ ಎಂಬುದನ್ನೂ ನೆನಪಿಡಿ.

ಇಂಜಿನ್ ಹೊಗೆಯ ಕಲೆ ನನಗೆ ಬಹಳ ಇಷ್ಟದ ಭಾಗ, ಹೆಚ್ಚಿನವರು ಕೆಡಿಸುವ ಭಾಗವೂ ಹೌದು. ಎಲ್ಲರೂ ಕಪ್ಪು ಪಟ್ಟೆ ಎಳೆದು ಮುಗಿಸುತ್ತಾರೆ. ಹರಿಕೇನ್‌ನ ಮರ್ಲಿನ್ ಇಂಜಿನ್‌ನ 100 ಆಕ್ಟೇನ್ ಪೆಟ್ರೋಲಿನಲ್ಲಿ ಟೆಟ್ರಾಈಥೈಲ್ ಸೀಸ ಇತ್ತು. ಸೀಸ ಸಿಲಿಂಡರ್‌ನಲ್ಲೇ ಕೂರಬಾರದೆಂದು ಬ್ರೋಮಿನ್ ಸಂಯುಕ್ತವನ್ನೂ ಸೇರಿಸುತ್ತಿದ್ದರು. ಅದು ಸೀಸವನ್ನು ಹೊಗೆಯೊಂದಿಗೆ ಹೊರಗೆ ಸಾಗಿಸುತ್ತದೆ. ದೂರದ ಹಾರಾಟದಲ್ಲಿ ಇಂಧನ ಮಿಶ್ರಣ ತೆಳುವಾಗಿಟ್ಟಾಗ ಹೊಗೆ ಕೊಳವೆಗಳ ಹಿಂದೆ ಕೂರುವುದು ಬೂದಿ ಮಿಶ್ರಿತ ತಿಳಿಗಂದು ಪುಡಿ. ಇಂಜಿನ್ ಶುರು ಮಾಡುವಾಗ, ಪೂರ್ತಿ ಶಕ್ತಿಯಲ್ಲಿ ಏರುವಾಗ ಮಿಶ್ರಣ ಗಟ್ಟಿ, ಆಗ ಕಪ್ಪು ಮಸಿ. ಹೀಗಾಗಿ ಹೊರಗೆ ಮಸಿಯ ನೆರಳು, ನಡುವೆ ತಿಳಿ ಬೂದು. ಮೊದಲು ತೆಳುವಾದ ಕಡುಗಂದನ್ನು ಏರ್‌ಬ್ರಷ್‌ನಿಂದ ಗಾಳಿ ಹರಿಯುವ ದಿಕ್ಕಿನಲ್ಲಿ ಬಿಡಿ. ಅದು ಕಾಕ್‌ಪಿಟ್ ಕೆಳಗಿನ ಬದಿಯಲ್ಲಿ ಸಾಗಿ ರೆಕ್ಕೆಯ ಬುಡದ ಮೇಲೆ ಹಾದುಹೋಗಲಿ. ಆಮೇಲೆ ಅದರೊಳಗೆ ಕಿರಿದಾಗಿ ಬೂದುಗಂದು ಪಿಗ್ಮೆಂಟ್ (ಒಣ ಬಣ್ಣದ ಪುಡಿ) ತಿಕ್ಕಿ. ಮಸಿಯ ಪಟ್ಟೆ ಬಾಲದವರೆಗೆ ಹೋಗುವ ಅಗತ್ಯವಿಲ್ಲ.

ಎಣ್ಣೆಯ ವಿಷಯ ಚಿಕ್ಕದು. ಪ್ರೊಪೆಲರ್ ನಡುವಿನ ಶಂಕುವಾದ ಸ್ಪಿನ್ನರ್‌ನ ಹಿಂದೆ ಸೋರಿದ ಎಣ್ಣೆ ಗಾಜಿಗೆ ಹಾರದಿರಲೆಂದು ಹರಿಕೇನ್‌ಗೆ ಒಂದು ಉಂಗುರ ಜೋಡಿಸುತ್ತಿದ್ದರು. ಕಿಟ್‌ನಲ್ಲಿ ಅದು ಇದೆಯೇ ನೋಡಿ. ಹೊಟ್ಟೆಯ ಕೆಳಗೆ, ರೇಡಿಯೇಟರ್‌ನ ಎರಡೂ ಬದಿಗೆ ಹೊಳಪಿರುವ ಕಂದು ಗೆರೆಗಳು ಇರಲಿ. ಮ್ಯಾಟ್ ಮೈಯ ಮೇಲೆ ಹೊಳೆಯುವ ಎಣ್ಣೆಯೇ ಹಸಿ ಎಣ್ಣೆಯಂತೆ ಕಾಣುವುದು. ಆದ್ದರಿಂದ ಅದನ್ನು ಮ್ಯಾಟ್ ವಾರ್ನಿಷ್ ಆದ ಮೇಲೆ, ಕಟ್ಟಕಡೆಗೆ ಹಚ್ಚಬೇಕು. ಫಿರಂಗಿಯ ಹೊಗೆ ಹೆಚ್ಚಾಗಿ ರೆಕ್ಕೆಯ ತಳದಲ್ಲಿ, ಖಾಲಿ ತೋಟಾ ಬೀಳುವ ತೂತುಗಳ ಹಿಂದೆ ಇರಲಿ. ವಿಚಕ್ಷಣೆಯ ವಿಮಾನಕ್ಕೆ ಅದೂ ಮಿತವಾಗಿ.

ಇನ್ನು ನಿಮ್ಮ ಮೇಜಿನ ಮೇಲಿರುವ ವಿಮಾನ. ಬಿಳಿ ಮಂಜಿಗೆ ಕಾರಣ ಉಡುಪಿಯ ಜುಲೈ. ಸ್ಪ್ರೇಯ ದ್ರಾವಕ ಬೇಗ ಆವಿಯಾಗುವಾಗ ಬಣ್ಣದ ಪದರ ತಣ್ಣಗಾಗುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಗಾಳಿಯ ತೇವ ಅದರ ಮೇಲೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಕ್ಯಾನ್ ಸರಿಯಾಗಿ ಅಲುಗಿಸದಿದ್ದರೂ, ದಪ್ಪವಾಗಿ ಹೊಡೆದರೂ ಮ್ಯಾಟ್ ಪುಡಿ ಗುಂಪಾಗಿ ಕೂತು ಇಂತಹದೇ ಬಿಳುಪು ಬರುತ್ತದೆ. ಮಳೆ ಬಿಟ್ಟ ಒಣ ದಿನ, ಇಲ್ಲವೇ ಹವಾನಿಯಂತ್ರಿತ ಕೋಣೆಯಲ್ಲಿ, ಹೊಳಪಿನ ವಾರ್ನಿಷ್‌ನ ಒಂದು ತೇವವಾದ ಪದರ ಹೊಡೆದು ನೋಡಿ. ಹೆಚ್ಚಿನ ಸಂದರ್ಭಗಳಲ್ಲಿ ಮಂಜು ಕರಗಿ ಕೆಳಗಿನ ಬಣ್ಣ ಮರಳುತ್ತದೆ. ಮೊದಲು ಬಾಲದ ತಳದಂತಹ ಕಾಣದ ಜಾಗದಲ್ಲಿ ಪರೀಕ್ಷಿಸಿ. ಬಲವಾದ ಲ್ಯಾಕರ್ ಆದರೆ ಕೆಳಗಿನ ಅಕ್ರಿಲಿಕ್ ಸುಕ್ಕುಗಟ್ಟುವ ಅಪಾಯವಿದೆ.

ಮಂಜು ಹೋದ ಮೇಲೆ ಬಟ್ಟೆಯ ಭಾಗಗಳ ಬೆಳ್ಳಿ ಚುಕ್ಕೆಗಳನ್ನು ಸಣ್ಣ ಬ್ರಷ್‌ನಿಂದ ಮುಚ್ಚಿ. ಅದೇ ಬಣ್ಣ ಪಕ್ಕಾ ಹೊಂದದಿದ್ದರೆ ಬೇಸರ ಬೇಡ. ಗುಂಡು ತೂತು ಮಾಡಿದ ಬಟ್ಟೆಗೆ ಚೌಕಾಕಾರದ ತೇಪೆ ಅಂಟಿಸಿ ಹೊಸದಾಗಿ ಡೋಪ್ ಬಳಿಯುತ್ತಿದ್ದರು. ಒಂದೆರಡು ಜಾಗದಲ್ಲಿ ಡೆಕಾಲ್ ಹಾಳೆಯ ಖಾಲಿ ತುಂಡನ್ನು ಚೌಕವಾಗಿ ಕತ್ತರಿಸಿ ಅಂಟಿಸಿ, ಮೇಲೆ ತುಸು ಗಾಢ ಹಸಿರು ಹಚ್ಚಿದರೆ ಅದು ದುರಸ್ತಿಯೇ ಆಗುತ್ತದೆ.

ಕಪ್ಪು ಗೆರೆಗಳಿಗೆ ಎರಡು ದಾರಿ. ವಾಶ್ ಮೇಲೆ ವಾರ್ನಿಷ್ ಕೂತಿರುವುದರಿಂದ ಟರ್ಪೆಂಟೈನ್‌ನಲ್ಲಿ ಒರೆಸಿದರೆ ಅದು ಬರುವುದಿಲ್ಲ. ಮೊದಲ ದಾರಿ, ಮೂಲ ಬಣ್ಣವನ್ನು ಹತ್ತು ಪಾಲಿನಲ್ಲಿ ಒಂದು ಪಾಲು ಮಾತ್ರ ಬಣ್ಣವಿರುವಷ್ಟು ತೆಳುವಾಗಿಸಿ ಗೆರೆಗಳ ಮೇಲೆ ಏರ್‌ಬ್ರಷ್‌ನಿಂದ ಹಗುರಾಗಿ ಸಿಂಪಡಿಸುವುದು. ಕಪ್ಪು ಮುಸುಕಿನೊಳಗೆ ಹಿಂದೆ ಸರಿಯುತ್ತದೆ. ಡೆಕಾಲ್‌ಗಳನ್ನು ಮರೆಮಾಚದಿದ್ದರೆ ಅವೂ ಮಂಕಾಗುತ್ತವೆ. ಸ್ವಲ್ಪ ಮಂಕಾದರೆ ನಿಜವಾದ ಬಿಸಿಲಿನ ಪರಿಣಾಮವೇ, ಹೆಚ್ಚಾದರೆ ಕೆಲಸ ಕೆಟ್ಟಂತೆ. ಎರಡನೆಯದು ಪೂರ್ತಿ ಕಿತ್ತು ಹಾಕುವುದು. ಐಸೊಪ್ರೊಪೈಲ್ ಆಲ್ಕೊಹಾಲ್ ಅಕ್ರಿಲಿಕ್ ಬಣ್ಣವನ್ನು ಎಬ್ಬಿಸುತ್ತದೆ, ಪ್ಲಾಸ್ಟಿಕ್‌ಗೆ ತೊಂದರೆಯಿಲ್ಲ. ಆದರೆ ಮೇಲಿನ ಲ್ಯಾಕರ್ ವಾರ್ನಿಷ್ ಅಡ್ಡ ನಿಲ್ಲುತ್ತದೆ, ಡೆಕಾಲ್‌ಗಳು ಉಳಿಯುವುದಿಲ್ಲ, ತಿಕ್ಕುವಾಗ ತೆಳು ಭಾಗಗಳು ಮುರಿಯುತ್ತವೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಇವೆರಡೂ ಪಾಲಿಸ್ಟೈರೀನನ್ನೇ ಕರಗಿಸುತ್ತವೆ. ನೀವು ಅದ್ದಲು ಹೊರಟಿದ್ದು ಅದರಲ್ಲಾಗಿದ್ದರೆ ಹರಿಕೇನ್ ಬದಲು ಒಂದು ಉಂಡೆ ಸಿಗುತ್ತಿತ್ತು. ನನ್ನ ಆಯ್ಕೆ ಮೊದಲ ದಾರಿ.

ಡೆಕಾಲ್‌ನ ಬೆಳ್ಳಿ ಹೊಳಪು ಅದರ ಕೆಳಗೆ ಸಿಕ್ಕಿಬಿದ್ದ ಗಾಳಿ. ಒರಟು ಮ್ಯಾಟ್ ಮೇಲ್ಮೈ ಮೇಲೆ ಅಂಟಿಸಿದರೆ ಹೀಗಾಗುತ್ತದೆ. ಚೂಪಾದ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಡೆಕಾಲ್ ಮೆದುವಾಗಿಸುವ ದ್ರಾವಣ ಇಳಿಬಿಡಿ. ವಾರ್ನಿಷ್ ಕೂತ ಮೇಲೆ ಅದರ ಕೆಲಸ ಅರ್ಧ ಮಾತ್ರ.

ಆಮೇಲೆ ಬಿಸಿಲಿಗೆ ಮಾಸಿದ ಛಾಯೆ. ಕ್ಯಾಮೆಲ್ ಆಯಿಲ್ ಕಲರ್ ಟ್ಯೂಬುಗಳಿಂದ ಬಿಳಿ, ಹಳದಿ ಓಕರ್, ಕಂದು ಅಂಬರ್ ಇಷ್ಟನ್ನು ರಟ್ಟಿನ ತುಂಡಿನ ಮೇಲೆ ಹಿಂಡಿ, ರಟ್ಟು ಎಣ್ಣೆ ಹೀರಿಕೊಳ್ಳಲಿ. ರೆಕ್ಕೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಳನ್ನಿಟ್ಟು, ಟರ್ಪೆಂಟೈನ್‌ನಲ್ಲಿ ಒದ್ದೆ ಮಾಡಿ ಬಹುತೇಕ ಹಿಂಡಿದ ಬ್ರಷ್‌ನಿಂದ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಚುಕ್ಕೆ ಕಾಣಬಾರದು, ಛಾಯೆಯ ಏರುಪೇರು ಮಾತ್ರ ಉಳಿಯಬೇಕು. ಮುಂಭಾಗದ ತಗಡಿಗೂ ಹಿಂಭಾಗದ ಬಟ್ಟೆಗೂ ಬಣ್ಣ ಬೇರೆ ಬೇರೆಯಾಗಿ ಮಾಸುತ್ತದೆ. ಬಟ್ಟೆಯನ್ನು ಕೊಂಚ ಹೆಚ್ಚು ಮಂಕಾಗಿಸಿ. ಮಾಡಿದ್ದೇನೆಂದು ಯಾರೂ ಗುರುತಿಸರು, ಆದರೆ ವಿಮಾನ ಎರಡು ವಸ್ತುಗಳಿಂದ ಆಗಿದೆ ಎಂಬುದು ಕಣ್ಣಿಗೆ ತಿಳಿಯುತ್ತದೆ. ಟರ್ಪೆಂಟೈನ್ ಕೀಲುಗಳಲ್ಲಿ, ಚಕ್ರದ ಕಾಲುಗಳ ಬುಡದಲ್ಲಿ ನಿಲ್ಲದಿರಲಿ. ಬಣ್ಣವಿಲ್ಲದ, ಒತ್ತಡದಲ್ಲಿರುವ ಪ್ಲಾಸ್ಟಿಕ್‌ಗೆ ಅದು ಇಳಿದರೆ ಕಾಲು ತಾನಾಗಿ ಸೀಳುತ್ತದೆ.

ಕಾಕ್‌ಪಿಟ್ ಬಗ್ಗೆ ನೀವು ಕೇಳಿಲ್ಲ. ಆದರೂ ಮುಂದಿನ ಹರಿಕೇನ್‌ಗೆ ನೆನಪಿರಲಿ: ಅದಕ್ಕೆ ನೆಲವೇ ಇಲ್ಲ. ಪೈಲಟ್‌ನ ಹಿಮ್ಮಡಿ ಇಡಲು ಎರಡು ತೊಟ್ಟಿಯಂತಹ ಪಟ್ಟಿಗಳು, ಅವುಗಳ ನಡುವೆ ಕೆಳಗೆ ಕತ್ತಲು, ಕೊಳವೆಗಳು. ದುಬಾರಿ ರೆಸಿನ್ ಭಾಗಗಳಿಗಿಂತ ಅಲ್ಲಿ ಒಂದು ಆಳವಾದ ಕಪ್ಪು ನೆರಳು, ಸೀಟಿನ ಮೇಲೆ ಕಾಗದದ ಪಟ್ಟಿಗಳು ಹೆಚ್ಚು ಕೆಲಸ ಮಾಡುತ್ತವೆ. ಗಾಜು ಅಂಟಿಸಲು ಫೆವಿಕ್ವಿಕ್ ಬೇಡ, ಅದರ ಆವಿ ಗಾಜನ್ನು ಮಂಜಾಗಿಸುತ್ತದೆ. ಫೆವಿಕಾಲ್ ಸಾಕು.

ಕೆಮ್ಮಣ್ಣು ಬೇಡ. ಇಂಫಾಲ ಕಣಿವೆಯದು ಗದ್ದೆ, ಜೌಗುಗಳ ಮಣ್ಣು, ಕರಾವಳಿಯ ಜಂಬಿಟ್ಟಿಗೆಯ ಕೆಂಪಲ್ಲ. ನಿಮ್ಮ ಅಂಗಳದ ಮಣ್ಣು ಹಾಕಿದರೆ ವಿಮಾನ ಮಣಿಪಾಲದಲ್ಲಿ ಇಳಿದಂತಾಗುತ್ತದೆ. ಕಣದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ: 0.1 ಮಿಲಿಮೀಟರ್‌ನ ಮರಳಿನ ಕಣ ಈ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಜಲ್ಲಿ. ಬೂದುಗಂದು ಬಣ್ಣದ ನುಣ್ಣನೆ ಪಿಗ್ಮೆಂಟ್ ತೆಗೆದುಕೊಳ್ಳಿ. ಅದನ್ನು ಉದುರಿಸುವಾಗ, ಸ್ಪ್ರೇ ಮಾಡುವಾಗ ಮೂಗಿಗೆ ಮಾಸ್ಕ್ ಇರಲಿ.

ಆಂಟೆನಾ ತಂತಿ ರೇಡಿಯೊದ ಮೇಲೆ ನಿಂತಿದೆ. ಹಳೆಯ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ರೇಡಿಯೊ ಇದ್ದ ಹರಿಕೇನ್‌ಗಳಲ್ಲಿ ಬೆನ್ನಿನ ಕಂಬದಿಂದ ರಡ್ಡರ್‌ವರೆಗೆ ತಂತಿ ಇತ್ತು. ಅದಕ್ಕಿಂತ ಹೆಚ್ಚಿನ ಆವರ್ತನದ ವಿಎಚ್‌ಎಫ್ ರೇಡಿಯೊ ಬಂದ ಮೇಲೆ ಕಂಬವೇ ಆಂಟೆನಾ ಆಯಿತು, ತಂತಿ ಹೋಯಿತು. ನೀವು ಆರಿಸಿಕೊಂಡ ವಿಮಾನದ ಛಾಯಾಚಿತ್ರ ಸಿಕ್ಕರೆ ರಡ್ಡರ್‌ನ ತುದಿಯಲ್ಲಿ ತಂತಿ ಕಟ್ಟುವ ಚಿಕ್ಕ ಗೂಟವಿದೆಯೇ ನೋಡಿ. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದ ಹರಿಕೇನನ್ನು ಆಕಾರಕ್ಕೆ ನಂಬಿ, ಬಣ್ಣಕ್ಕೆ ಬೇಡ; ಸಂಗ್ರಹಾಲಯದ ವಿಮಾನಗಳಿಗೆ ಮತ್ತೆ ಮತ್ತೆ ಹೊಸ ಬಣ್ಣ ಬಳಿದಿರುತ್ತಾರೆ. ಚಿತ್ರ ಸಿಗದಿದ್ದರೆ ತಂತಿ ಬಿಟ್ಟುಬಿಡಿ. ಕಟ್ಟಲೇಬೇಕೆಂದಿದ್ದರೆ ಮೀನಿನ ಗಾಳದ ದಾರ ಬೇಡ, 0.1 ಮಿಲಿಮೀಟರ್‌ನದೂ ಇಲ್ಲಿ ಸುಮಾರು 5 ಮಿಲಿಮೀಟರ್ ದಪ್ಪದ ಹಗ್ಗವಾಗುತ್ತದೆ. ಕಿಟ್‌ನ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಬಿಸಿ ಮಾಡಿ ಕೂದಲಿಗಿಂತ ತೆಳುವಾಗಿ ಎಳೆಯಿರಿ.